ಪ್ರವಾಸದಲ್ಲಿ ಆಪ್ತರೊಂದಿಗೆ ಸಂಭ್ರಮದ ಊಟ: ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡು

ಪ್ರವಾಸದ ನಡುವೆ ಹುಟ್ಟುಹಬ್ಬವೋ ಮದುವೆಯ ವಾರ್ಷಿಕೋತ್ಸವವೋ ಬಂದರೆ, ಅಥವಾ ದೂರದಲ್ಲಿರುವ ಬಂಧುಗಳೆಲ್ಲ ಬಹುಕಾಲದ ನಂತರ ಒಂದೆಡೆ ಸೇರಿದರೆ, ಒಳ್ಳೆಯ ರೆಸ್ಟೋರೆಂಟಿನಲ್ಲಿ ಊಟ ಮಾಡಿ ಆ ದಿನವನ್ನು ಆಚರಿಸೋಣವೆನ್ನುವುದು ಸಹಜ. ಹಾಗೆ ತೀರ್ಮಾನವಾದ ಕೂಡಲೇ ಎಲ್ಲರ ಗಮನವೂ ಎಲ್ಲಿ ಹೋಗುವುದು, ಏನು ತಿನ್ನುವುದು ಎಂಬುದರ ಕಡೆಗೇ ಹರಿಯುತ್ತದೆ. ಆದರೆ ಇಂಥ ಊಟಗಳು ಅಡುಗೆಯ ದೋಷದಿಂದ ಕೆಡುವುದು ಅಪರೂಪ. ದಣಿವು, ಗದ್ದಲ, ಕಾಯುವ ಬೇಸರ ಮತ್ತು ಬಿಲ್ಲಿನ ಇರುಸುಮುರುಸುಗಳೇ ಅವುಗಳನ್ನು ಹೆಚ್ಚಾಗಿ ಕೆಡಿಸುತ್ತವೆ. ಇವೆಲ್ಲವನ್ನೂ ಮೇಜಿನ ಮುಂದೆ ಕೂರುವುದಕ್ಕೆ ಮೊದಲೇ ಬಹುಮಟ್ಟಿಗೆ ನಿವಾರಿಸಿಕೊಳ್ಳಬಹುದಾದ್ದರಿಂದ, ಈ ಮಾರ್ಗದರ್ಶಿಯ ಬಹುಭಾಗ ಆ ಪೂರ್ವಸಿದ್ಧತೆಗೇ ಮೀಸಲಾಗಿದೆ.

ದಿನ ಮತ್ತು ಹೊತ್ತು

ಊರು ತಲುಪಿದ ದಿನವೇ ಸಂಭ್ರಮದ ಊಟ ಇಟ್ಟುಕೊಳ್ಳಬಾರದು. ವಿಮಾನವೋ ರೈಲೋ ತಡವಾಗಬಹುದು, ಸಾಮಾನು ಸಿಗದೇ ಹೋಗಬಹುದು; ಎಲ್ಲವೂ ಸುಸೂತ್ರವಾಗಿ ನಡೆದರೂ ಆ ರಾತ್ರಿ ಯಾರಿಗೂ ಮಾತನಾಡುವ ಉತ್ಸಾಹ ಉಳಿದಿರುವುದಿಲ್ಲ. ಹಲವು ಕಾಲವಲಯಗಳನ್ನು ದಾಟಿ ಬಂದವರಂತೂ ಇನ್ನಷ್ಟು ಎಚ್ಚರ ವಹಿಸಬೇಕು. ದೇಹದ ಗಡಿಯಾರ ಒಂದೊಂದು ಕಾಲವಲಯಕ್ಕೆ ಹೊಂದಿಕೊಳ್ಳಲು ಸರಿಸುಮಾರು ಒಂದು ದಿನ ಬೇಕೆಂಬುದು ರೂಢಿಯ ಲೆಕ್ಕವಾದ್ದರಿಂದ, ಸ್ಥಳೀಯ ಗಡಿಯಾರದಲ್ಲಿ ರಾತ್ರಿ ಎಂಟಾಗಿದ್ದರೂ ಮೇಜಿನ ಸುತ್ತ ಕುಳಿತವರ ದೇಹಕ್ಕೆ ಅದು ಬೆಳಗಿನ ಜಾವವಾಗಿರಬಹುದು. ಹುಟ್ಟುಹಬ್ಬದ ದಿನಾಂಕಕ್ಕೇ ಜೋತುಬೀಳದೆ, ಎಲ್ಲರೂ ಎರಡು ರಾತ್ರಿ ನಿದ್ದೆ ಮಾಡಿ ಸುಧಾರಿಸಿಕೊಂಡ ನಂತರದ ದಿನವನ್ನು ಆರಿಸಿಕೊಳ್ಳುವುದು ಜಾಣತನ.

ರಾತ್ರಿಯೂಟವೇ ಆಗಬೇಕೆಂಬ ಹಟವನ್ನೂ ಬಿಡುವುದು ಒಳ್ಳೆಯದು. ಮಧ್ಯಾಹ್ನದ ಊಟಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ. ಆ ಹೊತ್ತಿನಲ್ಲಿ ಮಕ್ಕಳು ಎಚ್ಚರವಾಗಿರುತ್ತಾರೆ, ಹಿರಿಯರಿಗೆ ಉಂಡದ್ದು ಅರಗುವಷ್ಟು ಸಮಯವಿರುತ್ತದೆ, ಹೆಸರುವಾಸಿ ಸ್ಥಳಗಳಲ್ಲೂ ಮೇಜು ಸುಲಭವಾಗಿ ಸಿಗುತ್ತದೆ, ಮತ್ತು ಅದೇ ಅಡುಗೆಮನೆಯ ಊಟ ಎಷ್ಟೋ ಕಡೆ ರಾತ್ರಿಗಿಂತ ಕಡಿಮೆ ಬೆಲೆಗೆ ದೊರೆಯುತ್ತದೆ. ಹಬ್ಬ ಹಾಗೂ ವಾರಾಂತ್ಯದ ರಾತ್ರಿಗಳಲ್ಲಿ ಒಂದೇ ಮೇಜನ್ನು ಎರಡು ಸರದಿಗಳಿಗೆ ಕೊಡುವ ಪದ್ಧತಿ ಅನೇಕ ರೆಸ್ಟೋರೆಂಟುಗಳಲ್ಲಿದೆ. ಮೊದಲ ಸರದಿಯವರನ್ನು ಸಿಹಿ ತಿನ್ನುವ ಹೊತ್ತಿಗೆ ಎಬ್ಬಿಸುವ ಅವಸರ ಶುರುವಾಗುವುದರಿಂದ, ಮೇಜು ಎಷ್ಟು ಹೊತ್ತು ನಮ್ಮದು ಎಂಬುದನ್ನು ಕಾಯ್ದಿರಿಸುವಾಗಲೇ ಕೇಳಿ ತಿಳಿದುಕೊಳ್ಳಬೇಕು.

ಸ್ಥಳದ ಆಯ್ಕೆ

ಪ್ರವಾಸಕ್ಕೂ ರೆಸ್ಟೋರೆಂಟಿಗೂ ಗಂಟು ಹಾಕಿದವರಲ್ಲಿ ಟೈರ್ ತಯಾರಕರೂ ಸೇರಿದ್ದಾರೆ. ಫ್ರಾನ್ಸಿನ ಮಿಶೆಲಿನ್ ಸೋದರರು ಕಾರಿನ ಮಾಲೀಕರಿಗೆಂದು 1900ರಲ್ಲಿ ಕೈಪಿಡಿಯೊಂದನ್ನು ಹೊರತಂದರು. ಜನ ಹೆಚ್ಚು ಓಡಾಡಿದಷ್ಟೂ ಟೈರುಗಳು ಸವೆಯುತ್ತವೆ ಎಂಬುದು ಅದರ ಹಿಂದಿದ್ದ ಲೆಕ್ಕಾಚಾರ. 1926ರಲ್ಲಿ ಅದು ಒಳ್ಳೆಯ ಅಡುಗೆಗೆ ನಕ್ಷತ್ರ ಕೊಡಲು ಆರಂಭಿಸಿತು. ಎರಡು ನಕ್ಷತ್ರವಿದ್ದರೆ ದಾರಿ ಬದಲಿಸಿ ಹೋಗಲು ಯೋಗ್ಯ, ಮೂರಿದ್ದರೆ ಅದಕ್ಕೆಂದೇ ಪ್ರಯಾಣ ಮಾಡಲು ಯೋಗ್ಯ ಎಂಬ ವಿವರಣೆ ಇಂದಿಗೂ ಬಳಕೆಯಲ್ಲಿದೆ. ಈ ಅಳತೆಗೋಲು ಊಟಕ್ಕಾಗಿ ಪ್ರಯಾಣ ಹೊರಡುವವರದ್ದು ಎಂಬುದನ್ನು ಮರೆಯಬಾರದು. ಆಪ್ತರ ಜೊತೆ ಕೂತು ಮಾತನಾಡುವುದು ಉದ್ದೇಶವಾಗಿದ್ದಾಗ, ಮೂರು ಗಂಟೆ ಅಲುಗಾಡದೆ ಕೂರಿಸಿ ಒಂದೊಂದೇ ತುತ್ತಿಗೆ ವಿವರಣೆ ಕೊಡುವ ರೆಸ್ಟೋರೆಂಟು, ಅದು ಎಷ್ಟೇ ಕೀರ್ತಿವಂತವಾಗಿರಲಿ, ಎಂಟು ವರ್ಷದ ಮಗುವಿಗೂ ಎಂಬತ್ತರ ಅಜ್ಜಿಗೂ ಶಿಕ್ಷೆಯಾಗಬಹುದು.

ಆದ್ದರಿಂದ ಆನ್‌ಲೈನ್ ವಿಮರ್ಶೆಗಳನ್ನು ಓದುವಾಗ ಸರಾಸರಿ ಅಂಕಗಳಿಗಿಂತ, ಈಚೆಗೆ ದೊಡ್ಡ ಗುಂಪಿನಲ್ಲಿ ಹೋಗಿ ಬಂದವರು ಏನು ಬರೆದಿದ್ದಾರೆಂದು ಹುಡುಕಬೇಕು. ರೆಸ್ಟೋರೆಂಟಿನವರು ಹಾಕಿದ ಚಿತ್ರಗಳಿಗಿಂತ ಗ್ರಾಹಕರು ತೆಗೆದ ಫೋಟೋಗಳೇ ಹೆಚ್ಚು ಉಪಯುಕ್ತ. ಮೇಜುಗಳ ನಡುವಿನ ಅಂತರ, ಕುರ್ಚಿಗೆ ಒರಗು ಇದೆಯೇ ಇಲ್ಲವೇ ಎಂಬುದು, ಬೆಳಕಿನ ಪ್ರಮಾಣ, ಬಾಗಿಲ ಬಳಿಯ ಮೆಟ್ಟಿಲು ಇವೆಲ್ಲ ಅವುಗಳ ಹಿನ್ನೆಲೆಯಲ್ಲಿ ಕಾಣಿಸುತ್ತವೆ. ಸಮುದ್ರವೋ ಬೆಟ್ಟವೋ ಕಾಣುವ ಕಿಟಕಿಯ ಪಕ್ಕ ಕೂರುವ ಆಸೆಯಿದ್ದರೆ ಆ ದಿನದ ಸೂರ್ಯಾಸ್ತದ ವೇಳೆ ನೋಡಿಕೊಂಡು, ಅದಕ್ಕೆ ಒಂದು ಗಂಟೆ ಮೊದಲೇ ಮೇಜು ಹಿಡಿಯಬೇಕು. ಕತ್ತಲಾದ ಮೇಲೆ ಆ ಗಾಜಿನಲ್ಲಿ ಕಾಣುವುದು ನಮ್ಮದೇ ಮುಖ ಮತ್ತು ಹಿಂದಿನ ಮೇಜಿನವರ ಬೆನ್ನು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸದ್ದು. ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬಲ್ ಇರುತ್ತದೆ. ಸುತ್ತಲಿನ ಗದ್ದಲ ಅದನ್ನು ಮೀರಿದರೆ ಪ್ರತಿಯೊಬ್ಬರೂ ತಮಗೇ ಅರಿವಿಲ್ಲದೆ ದನಿ ಏರಿಸುತ್ತಾರೆ. ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಬರೆದಿಟ್ಟದ್ದರಿಂದ ಇದಕ್ಕೆ ಲೊಂಬಾರ್ ಪರಿಣಾಮ ಎಂಬ ಹೆಸರಿದೆ. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಹಾಗಾಗಿ ತುಂಬಿದ ರೆಸ್ಟೋರೆಂಟಿನ ಸದ್ದು ತಾನಾಗಿ ಇಳಿಯುವುದೇ ಇಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚು ಕಂಪನಾಂಕದ ಸ್ವರಗಳನ್ನು. ಸ, ಶ, ಫ, ತ ಮುಂತಾದ ವ್ಯಂಜನಗಳ ಗುರುತು ಇರುವುದೂ ಅಲ್ಲಿಯೇ. ಯಾರ ಹುಟ್ಟುಹಬ್ಬಕ್ಕೆಂದು ಎಲ್ಲರೂ ಸೇರಿದ್ದಾರೋ ಆ ಹಿರಿಯರೇ ಮಾತಿನ ಎಳೆ ತಪ್ಪಿ, ಎಲ್ಲರೂ ನಕ್ಕಾಗ ತಾವೂ ನಗುತ್ತ, ತಟ್ಟೆಯ ಅಂಚಿನಲ್ಲಿ ಚಮಚ ಆಡಿಸುತ್ತ ಕೂರುವುದನ್ನು ಗಮನಿಸಿದವರು ಮುಂದಿನ ಸಲ ಸಂಗೀತ ಅಬ್ಬರಿಸುವ ಜಾಗಕ್ಕೆ ಹೋಗಲಾರರು. ಬರಿ ಗೋಡೆ, ಗಾಜು ಮತ್ತು ಕಾಂಕ್ರೀಟ್ ಇರುವಲ್ಲಿ ಸದ್ದು ಪ್ರತಿಫಲಿಸುತ್ತದೆ. ಪರದೆ, ಮೇಜುಬಟ್ಟೆ, ಮೆತ್ತನೆಯ ಆಸನಗಳಿರುವಲ್ಲಿ ಒಂದಿಷ್ಟಾದರೂ ಹೀರಿಕೊಳ್ಳುತ್ತದೆ. ಮೂಲೆಯ ಮೇಜು ಸಿಕ್ಕರೆ ಉತ್ತಮ. ಮಾತನಾಡುವವರ ಮುಖದ ಮೇಲೆ ಬೆಳಕು ಬೀಳುವಂತಿದ್ದರೆ ಕಿವಿ ಮಂದವಾದವರಿಗೆ ತುಟಿಯ ಚಲನೆಯಾದರೂ ನೆರವಾಗುತ್ತದೆ.

ಒಂದು ಫೋನ್ ಕರೆ

ಇಬ್ಬರೇ ಇದ್ದರೆ ಆ್ಯಪ್‌ನಲ್ಲಿ ಮೇಜು ಕಾಯ್ದಿರಿಸಿದರೆ ಸಾಕು. ಐದಾರು ಜನ ದಾಟಿದರೆ ಫೋನ್ ಮಾಡಿ ಮಾತನಾಡುವುದೇ ಸರಿ, ಮತ್ತು ಅದನ್ನು ಊಟದ ಭರಾಟೆಯ ಹೊತ್ತಿನಲ್ಲಿ ಮಾಡಬಾರದು. ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಬಿಡುವಿನಲ್ಲಿ ಮಾಡಿದರೆ ಮ್ಯಾನೇಜರ್ ಸಮಾಧಾನದಿಂದ ಕೇಳಿಸಿಕೊಳ್ಳುತ್ತಾರೆ. ಭಾಷೆ ಬಾರದ ಊರಾದರೆ ವಸತಿಗೃಹದ ಸ್ವಾಗತ ಕಚೇರಿಯವರಿಂದಲೇ ಕರೆ ಮಾಡಿಸಬಹುದು. ಮಕ್ಕಳೂ ಸೇರಿ ಎಷ್ಟು ಜನ, ಎಳೆ ಮಗುವಿಗೆ ಎತ್ತರದ ಕುರ್ಚಿ ಇದೆಯೇ, ಶೌಚಾಲಯ ಅದೇ ಅಂತಸ್ತಿನಲ್ಲಿದೆಯೇ, ವ್ಹೀಲ್‌ಚೇರ್ ಒಳಗೆ ಬರುತ್ತದೆಯೇ ಎಂಬುದನ್ನೆಲ್ಲ ಒಂದೇ ಕರೆಯಲ್ಲಿ ಮುಗಿಸಿಕೊಳ್ಳಬೇಕು. ಮುಂಗಡ ಹಣ ಕೊಡಬೇಕಾದರೆ, ಬುಕಿಂಗ್ ರದ್ದಾದಾಗ ಅದು ಮರಳಿ ಬರುತ್ತದೆಯೇ ಎಂದೂ, ಹೊರಗಿನಿಂದ ಕೇಕ್ ತರಲು ಅನುಮತಿಯಿದೆಯೇ, ಅದಕ್ಕೆ ಪ್ರತ್ಯೇಕ ಶುಲ್ಕವುಂಟೇ ಎಂದೂ ಕೇಳಬೇಕು. ಅಡುಗೆಮನೆಯ ಬಾಗಿಲು, ಶೌಚಾಲಯದ ದಾರಿ, ಎ.ಸಿ.ಯ ಗಾಳಿ ನೇರವಾಗಿ ಬಡಿಯುವ ಜಾಗ ಈ ಮೂರರ ಬಳಿ ಮೇಜು ಬೇಡವೆಂದು ಮೊದಲೇ ಹೇಳಿದರೆ ಯಾರೂ ಬೇಸರಪಡುವುದಿಲ್ಲ, ಬಂದು ಕೂತ ಮೇಲೆ ಬದಲಿಸಿಕೊಡಿ ಎಂದರೆ ಮಾತ್ರ ಎಲ್ಲರಿಗೂ ಕಸಿವಿಸಿ.

ಅಲರ್ಜಿಯ ವಿಷಯ ಪ್ರತ್ಯೇಕವಾದದ್ದು. ಇಷ್ಟವಿಲ್ಲದ್ದನ್ನೂ ಜೀವಕ್ಕೆ ಅಪಾಯ ತರುವಂಥದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಅಡುಗೆಯವರು ಎರಡನ್ನೂ ಒಂದೇ ತೂಕದಲ್ಲಿ ಕಾಣುತ್ತಾರೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಡಿಸೆಂಬರ್ 2014ರಿಂದ ರೆಸ್ಟೋರೆಂಟುಗಳೂ ತಮ್ಮ ತಿನಿಸುಗಳಲ್ಲಿ 14 ಬಗೆಯ ಅಲರ್ಜಿಕಾರಕಗಳು ಇವೆಯೇ ಎಂಬ ಮಾಹಿತಿ ಕೊಡಲೇಬೇಕೆಂಬ ನಿಯಮವಿದೆ. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಎಲ್ಲಿಗೇ ಹೋದರೂ ಸ್ಥಳೀಯ ಭಾಷೆಯಲ್ಲಿ ಬರೆಸಿದ ಚೀಟಿಯೊಂದನ್ನು ಅಡುಗೆಮನೆಗೆ ಕಳಿಸುವುದು, ಅದೇ ಎಣ್ಣೆಯಲ್ಲಿ ಬೇರೇನನ್ನಾದರೂ ಕರಿದಿದ್ದಾರೆಯೇ ಎಂದು ಕೇಳುವುದು, ವೈದ್ಯರು ಕೊಟ್ಟ ತುರ್ತು ಇಂಜೆಕ್ಷನ್ನನ್ನು ಕೋಣೆಯಲ್ಲಿ ಬಿಡದೆ ಮೇಜಿಗೇ ತರುವುದು ಇವು ಕಡ್ಡಾಯ. ಸಸ್ಯಾಹಾರಿಗಳೂ 'ಸಸ್ಯಾಹಾರ' ಎಂಬ ಒಂದು ಮಾತನ್ನಷ್ಟೇ ನೆಚ್ಚಿಕೊಳ್ಳಬಾರದು. ತರಕಾರಿ ಸೂಪಿನ ತಳಹದಿ ಮಾಂಸ ಬೇಯಿಸಿದ ನೀರಾಗಿರಬಹುದು, ನಡುಗುವ ಸಿಹಿಯಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರಬಹುದು; ಯಾವುದು ಬೇಡವೋ ಅದನ್ನು ಹೆಸರಿಸಿಯೇ ಹೇಳಬೇಕು.

ಕೂರುವುದು, ತರಿಸುವುದು

ಹತ್ತು ಜನ ಉದ್ದನೆಯ ಮೇಜಿನ ಸುತ್ತ ಕೂತರೆ ಅಲ್ಲಿ ನಡೆಯುವುದು ಒಂದು ಸಂಭಾಷಣೆಯಲ್ಲ, ಮೂರು. ಸಹಜವಾಗಿ ಕೂಡುವ ಮಾತಿನ ಗುಂಪು ಸುಮಾರು ನಾಲ್ಕು ಜನರನ್ನು ಮೀರಿದರೆ ಒಡೆಯುತ್ತದೆಂದು ಮಾನವಶಾಸ್ತ್ರಜ್ಞ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದಾರೆ. ಇದನ್ನು ತಡೆಯಲು ಹೋಗದೆ, ಒಡೆಯುವ ಮೂರು ಗುಂಪುಗಳೂ ಚೆನ್ನಾಗಿರುವಂತೆ ಕೂರಿಸುವುದೇ ಯೋಜಕರ ಕೆಲಸ. ಸಂಭ್ರಮದ ಕೇಂದ್ರವಾಗಿರುವವರನ್ನು ಮೇಜಿನ ತುದಿಯಲ್ಲಿ ಕೂರಿಸುವ ರೂಢಿ ನೋಡಲು ಗಂಭೀರವಾಗಿದ್ದರೂ ಅಲ್ಲಿಂದ ಅವರಿಗೆ ಸಿಗುವುದು ಇಬ್ಬರ ಮಾತಷ್ಟೇ, ಉದ್ದದ ಬದಿಯ ನಡುವೆ ಕೂತರೆ ಐವರು ಸಿಗುತ್ತಾರೆ. ಸಿಹಿ ಬರುವ ಮೊದಲು ನಾಲ್ಕಾರು ಮಂದಿ ಜಾಗ ಬದಲಿಸಿಕೊಂಡರೆ ದೂರ ಕೂತ ಅತ್ತೆಯ ಜೊತೆಗೂ ಮಾತಾಗುತ್ತದೆ. ಮಕ್ಕಳನ್ನು ಹೊರಗೆ ಕರೆದೊಯ್ಯಬಲ್ಲವರ ಪಕ್ಕ, ದಾರಿ ಬದಿಯಲ್ಲಿ ಕೂರಿಸಿ, ಅವರ ಊಟವನ್ನು ಎಲ್ಲರಿಗಿಂತ ಮೊದಲೇ ತರಿಸಬೇಕು.

ಊಟ ತರಿಸುವ ಹೊಣೆಯನ್ನು ಒಬ್ಬಿಬ್ಬರಿಗೆ ಒಪ್ಪಿಸಿ, ಮೆನುವನ್ನು ಹಿಂದಿನ ದಿನವೇ ಎಲ್ಲರ ಫೋನಿಗೆ ಕಳಿಸಿಬಿಟ್ಟರೆ ಮಂದ ಬೆಳಕಿನಲ್ಲಿ ಕನ್ನಡಕ ಹುಡುಕುವ ಇಪ್ಪತ್ತು ನಿಮಿಷ ಉಳಿಯುತ್ತದೆ. ಒಂದೇ ರುಚಿಯನ್ನು ತಿನ್ನುತ್ತ ಹೋದಂತೆ ಅದರ ಮೇಲಿನ ಆಸೆ ಇಳಿಯುತ್ತದೆ, ಬೇರೆ ರುಚಿಯ ಮೇಲಿನದು ಹಾಗೇ ಇರುತ್ತದೆ. ಹೊಟ್ಟೆ ತುಂಬಿದವರೂ ಸಿಹಿಗೆ ಕೈಚಾಚುವುದು ಇದರಿಂದಲೇ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ದೊಡ್ಡ ತಟ್ಟೆ ತರಿಸುವುದಕ್ಕಿಂತ ಹಲವು ಬಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ತರಿಸಿ ಹಂಚಿಕೊಳ್ಳುವುದು ಲೇಸು. ಮೊದಲ ಸುತ್ತಿನಲ್ಲಿ ಕಡಿಮೆಯೇ ಇರಲಿ, ಸಾಲದಿದ್ದರೆ ಮತ್ತೆ ಹೇಳಬಹುದು. ಎರಡು ಮೂರು ಪರಿಚಿತ ತಿನಿಸುಗಳ ಜೊತೆ ಒಂದು ಅಪರಿಚಿತವಾದದ್ದು ಇದ್ದರೆ ಯಾರೂ ಹಸಿದಿರಬೇಕಾಗುವುದಿಲ್ಲ, ಮಾತಿಗೂ ವಿಷಯ ಸಿಗುತ್ತದೆ. ಮೆನುವಿನಲ್ಲಿ ಬೆಲೆ ಬರೆಯದ 'ಇಂದಿನ ವಿಶೇಷ'ದ ಬೆಲೆಯನ್ನು ಸಂಕೋಚವಿಲ್ಲದೆ ಕೇಳಬೇಕು. ತೂಕದ ಲೆಕ್ಕದಲ್ಲಿ ಮಾರುವ ಮೀನಾದರೆ ಬೇಯಿಸುವ ಮೊದಲೇ ತೂಗಿ ತೋರಿಸಲು ಹೇಳಬೇಕು, ಏಕೆಂದರೆ ಮೆನುವಿನಲ್ಲಿ ಅಚ್ಚಾಗಿರುವುದು ನೂರು ಗ್ರಾಮಿನ ಬೆಲೆ, ಮೇಜಿಗೆ ಬರುವುದು ಒಂದೂವರೆ ಕಿಲೋ.

ಫೋಟೋದ ಬಗ್ಗೆ ಒಂದು ಮಾತು. ವಸ್ತುಸಂಗ್ರಹಾಲಯದಲ್ಲಿ ಸುಮ್ಮನೆ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿನಲ್ಲಿ ಉಳಿದವೆಂದು ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಎಲ್ಲರೂ ಕೂತ ಕೂಡಲೇ, ತಟ್ಟೆಗಳು ಎಂಜಲಾಗುವ ಮೊದಲು, ವೇಟರ್ ಕೈಯಿಂದ ಒಂದು ಗುಂಪುಚಿತ್ರ ತೆಗೆಸಿಕೊಂಡು ಫೋನುಗಳನ್ನು ಒಳಗಿಟ್ಟುಬಿಡಬಹುದು.

ಕೊನೆಯ ಅರ್ಧ ಗಂಟೆ

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಹಸಂಶೋಧಕರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಅದ್ದಿದರು. ಮತ್ತೊಮ್ಮೆ ಅಷ್ಟೇ ಹೊತ್ತು ಅದ್ದಿ, ಅದರ ಮೇಲೆ ನೀರು ತುಸು ಬೆಚ್ಚಗಾಗುತ್ತ ಹೋದ ಇನ್ನೂ ಅರ್ಧ ನಿಮಿಷ ಹಾಗೇ ಇಟ್ಟುಕೊಂಡರು. ಯಾವುದನ್ನು ಮತ್ತೆ ಮಾಡುತ್ತೀರೆಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು. ಅನುಭವದ ಅತಿ ತೀವ್ರ ಕ್ಷಣ ಮತ್ತು ಅದರ ಕೊನೆ, ಇವೆರಡರ ಆಧಾರದ ಮೇಲೆ ನೆನಪು ತೀರ್ಪು ಕೊಡುತ್ತದೆಂಬುದು ಅವರ ವಾದ. ಊಟದ ಕೊನೆಯನ್ನು ನಾವು ಸಾಮಾನ್ಯವಾಗಿ ಬಿಲ್ಲಿಗೆ ಕಾಯುವುದಕ್ಕೂ, ಬಂದ ಬಿಲ್ಲಿಗಾಗಿ ಕಿತ್ತಾಡುವುದಕ್ಕೂ, ಟ್ಯಾಕ್ಸಿ ಹುಡುಕುವುದಕ್ಕೂ ಬಳಸುತ್ತೇವೆ.

ಇದನ್ನು ತಪ್ಪಿಸಲು ಯಾರು ಕೊಡುತ್ತಾರೆಂಬುದನ್ನು ಹೊರಡುವ ಮೊದಲೇ ನಿರ್ಧರಿಸಬೇಕು. ಒಬ್ಬರೇ ಕೊಡುವುದಾದರೆ ಬಂದ ಕೂಡಲೇ ಮ್ಯಾನೇಜರ್ ಬಳಿ ಹೋಗಿ, ಬಿಲ್ ಮೇಜಿಗೆ ತರಬಾರದು, ತಾನೇ ಕೌಂಟರಿಗೆ ಬಂದು ಕೊಡುತ್ತೇನೆಂದು ಹೇಳಿಡಬಹುದು. ಹಂಚಿಕೊಳ್ಳುವುದಾದರೆ ಪ್ರವಾಸದ ಆರಂಭದಲ್ಲಿಯೇ ಎಲ್ಲರೂ ಹಾಕಿದ ಸಾಮಾನ್ಯ ನಿಧಿಯಿಂದ ಕೊಡುವುದು ಅತ್ಯಂತ ಹಗುರವಾದ ದಾರಿ. ಸೇವಾ ಶುಲ್ಕ ಬಿಲ್ಲಿನಲ್ಲಿ ಸೇರಿದೆಯೇ ಎಂದು ನೋಡಿಕೊಂಡ ನಂತರವೇ ಟಿಪ್ಸ್ ಯೋಚಿಸಬೇಕು. ಪರದೇಶದಲ್ಲಿ ಕಾರ್ಡ್ ಯಂತ್ರ 'ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಸ್ಥಳೀಯ ಹಣದಲ್ಲಿ ಕೊಡುತ್ತೀರಾ' ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಒತ್ತಬೇಕು. ಮೊದಲನೆಯದರಲ್ಲಿ ವಿನಿಮಯ ದರವನ್ನು ಯಂತ್ರದ ಕಡೆಯವರು ನಿಗದಿಪಡಿಸುವುದರಿಂದ ಅದು ಸಾಮಾನ್ಯವಾಗಿ ದುಬಾರಿಯಾಗುತ್ತದೆ.

ಕೇಕು, ಉಡುಗೊರೆ, ಎರಡು ಮಾತಿನ ಶುಭಹಾರೈಕೆ ಇವೆಲ್ಲವನ್ನೂ ಈ ಕೊನೆಯ ಭಾಗಕ್ಕೆ ಉಳಿಸಿಕೊಳ್ಳಬೇಕು. ಆದರೆ ಸಿಬ್ಬಂದಿಯೆಲ್ಲ ಬಂದು ಚಪ್ಪಾಳೆ ತಟ್ಟಿ ಹಾಡುವ ಏರ್ಪಾಡು ಮಾಡುವ ಮೊದಲು, ಹುಟ್ಟುಹಬ್ಬದವರು ಅದನ್ನು ಇಷ್ಟಪಡುವ ಸ್ವಭಾವದವರೇ ಎಂದು ಯೋಚಿಸುವುದು ಒಳಿತು. ಅಪರಿಚಿತರೆಲ್ಲ ತಿರುಗಿ ನೋಡುವ ಆ ಒಂದು ನಿಮಿಷ ಕೆಲವರಿಗೆ ನರಕ. ಸಿಹಿ ಬರುತ್ತಿದ್ದಂತೆ ಟ್ಯಾಕ್ಸಿಗೆ ಹೇಳಿಸಿದರೆ, ಎದ್ದು ಕೋಟು ಚೀಲಗಳನ್ನು ಎತ್ತಿಕೊಳ್ಳುವ ಹೊತ್ತಿಗೆ ಅದು ಬಾಗಿಲಲ್ಲಿರುತ್ತದೆ. ಉಳಿದ ಊಟವನ್ನು ಪಾರ್ಸೆಲ್ ಮಾಡಿಸಿದರೆ, ಮೇಜಿಗೆ ಬಂದ ಎರಡು ಗಂಟೆಯೊಳಗೆ ಅದು ಫ್ರಿಜ್ ಸೇರಬೇಕು, ಬಿಸಿಲೂರಾದರೆ ಒಂದೇ ಗಂಟೆಯೊಳಗೆ. ತಂಗಿರುವ ಕೋಣೆಯಲ್ಲಿ ಸರಿಯಾಗಿ ತಣ್ಣಗಾಗುವ ಫ್ರಿಜ್ ಇಲ್ಲವಾದರೆ ಪಾರ್ಸೆಲ್ ಕೇಳದಿರುವುದೇ ಮೇಲು. ಮರುದಿನ ಬೆಳಿಗ್ಗೆ ಬಸ್ಸು ಹತ್ತಬೇಕಾದವರಿಗಂತೂ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.