ಎಂಟು ಹಾಕೋದು ಕಲ್ತಿದ್ದೆ, ಗ್ಯಾಪ್ ಬಿಡೋದು ಯಾರೂ ಕಲಿಸಿರ್ಲಿಲ್ಲ

ಎಲ್‌ಎಲ್‌ಆರ್ ಬಂದ ಮೇಲೆ ಡಿಎಲ್ ಟೆಸ್ಟ್‌ಗೆ 30 ದಿನ ಕಾಯ್ಲೇಬೇಕಲ್ಲ, ಆ 30 ದಿನ ನಾನು ಮಾಡಿದ್ದು ಒಂದೇ ಕೆಲ್ಸ, ಬೆಳಿಗ್ಗೆ ಎದ್ದು ಭಾವನ ಹಳೇ ಸ್ಪ್ಲೆಂಡರ್ ತಗೊಂಡು ಮೈದಾನಕ್ಕೆ ಹೋಗಿ ಎರಡು ಇಟ್ಟಿಗೆ ಇಟ್ಟು ಅದರ ಸುತ್ತ ಎಂಟು ಹಾಕೋದು. ಮೊದ್ಲು ನಾಲ್ಕು ದಿನ ಪ್ರತಿ ಸಲ ಕಾಲು ಕೆಳಗೆ. ಭಾವ ನೋಡಿ ನೋಡಿ ಸಾಕಾಗಿ "ಚಕ್ರ ಯಾಕೆ ನೋಡ್ತೀಯೋ, ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡು" ಅಂದ್ರು, ಅವತ್ತೇ ಬಂತು ನೋಡಿ. ಫಸ್ಟ್ ಗೇರ್, ಅರ್ಧ ಕ್ಲಚ್, ಹಿಂದಿನ ಬ್ರೇಕ್ ಸ್ವಲ್ಪ ಒತ್ಕೊಂಡೇ ಇರ್ಬೇಕು, ಹ್ಯಾಂಡಲ್ ತಿರುಗಿರೋವಾಗ ಮುಂದಿನ ಬ್ರೇಕ್ ಹಿಡಿದ್ರೆ ಮಾತ್ರ ಧೊಪ್.

ಟೆಸ್ಟ್ ಎರಡೇ ನಿಮಿಷ. ಪಾಸ್.

ಆಮೇಲಿಂದು ಕೇಳಿ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕ್ ಬಿಡಲ್ಲ, ಹಂಗಾಗಿ ಸರ್ವಿಸ್ ರೋಡಲ್ಲಿ ಹೋಗ್ತಿದ್ದೆ, ಬಿಡದಿ ದಾಟಿ ಒಂದು ಟೊಮೆಟೊ ಟೆಂಪೋ ಹಿಂದೆ 50ರಲ್ಲಿ, ಓವರ್‌ಟೇಕ್ ಮಾಡೋಣ ಅಂತ ಅಂಟ್ಕೊಂಡೇ ಇದ್ದೆ. ಮುಂದೆ ಬಣ್ಣ ಇಲ್ಲದ ಹಂಪ್, ಟೆಂಪೋಗೆ ಬ್ರೇಕ್ ಲೈಟೂ ಇಲ್ಲ. ಎರಡೂ ಬ್ರೇಕ್ ಅಮುಕಿದೆ, ಹಿಂದಿನ ಚಕ್ರ ಲಾಕ್ ಆಗಿ ಪಕ್ಕಕ್ಕೆ ಎಳ್ಕೊಂಡು ಹೋಯ್ತು, ನಿಂತಾಗ ಕ್ರೇಟ್ ಸಂದೀಲಿ ಅಪ್ಪಚ್ಚಿಯಾಗಿದ್ದ ಟೊಮೆಟೊ ಬೀಜ ಕಾಣೋಷ್ಟು ಹತ್ರ. ಕೈ ನಡುಗ್ತಿತ್ತು.

ಆಮೇಲೆ ಲೆಕ್ಕ ಹಾಕ್ದೆ. 50ರಲ್ಲಿ ಒಂದು ಸೆಕೆಂಡಿಗೆ ಗಾಡಿ ಹತ್ರ ಹತ್ರ 14 ಮೀಟರ್ ಹೋಗುತ್ತೆ, ಕಣ್ಣಿಗೆ ಬಿದ್ದು ಬ್ರೇಕ್‌ಗೆ ಕೈ ಹೋಗೋಷ್ಟ್ರಲ್ಲೇ ಅಷ್ಟು ದೂರ ಖಾಲಿ, ನಾನು ಬಿಟ್ಟಿದ್ದು ಅದರಲ್ಲಿ ಅರ್ಧನೂ ಇರ್ಲಿಲ್ಲ. 2017ರ ಡ್ರೈವಿಂಗ್ ನಿಯಮದಲ್ಲೂ ಇದೆ, ಮುಂದಿನ ಗಾಡಿ ಸಡನ್ನಾಗಿ ನಿಂತ್ರೂ ಗುದ್ದದಷ್ಟು ದೂರ ಇರ್ಬೇಕು ಅಂತ. ಎಂಟು ಹಾಕ್ಸೋವಾಗ ಇದನ್ನ ಯಾರು ಕೇಳ್ತಾರೆ?

ಈಗ ನಾನು ಎಣಿಸ್ತೀನಿ. ಮುಂದಿನ ಗಾಡಿ ಒಂದು ಕಂಬ ದಾಟಿದ ತಕ್ಷಣ "ಸಾವಿರದ ಒಂದು, ಸಾವಿರದ ಎರಡು", ಅದು ಮುಗಿಯೋಕೆ ಮುಂಚೆ ನಾನು ಆ ಕಂಬ ಮುಟ್ಟಿದ್ರೆ ಆಕ್ಸಿಲರೇಟರ್ ಬಿಡ್ತೀನಿ. ಮಳೇಲಿ ನಾಲ್ಕರ ತನಕ. ಟೆಂಪೋ ಚಕ್ರಗಳ ನಡುವಿಂದ ದಿಢೀರ್ ಅಂತ ಎದ್ದು ಬರ್ತಿದ್ದ ಗುಂಡಿಗಳೂ ಈಗ ಮುಂಚೇನೇ ಕಾಣ್ತವೆ, ಇದು ಬೋನಸ್. ಸಿಟೀಲಿ ಗ್ಯಾಪ್ ಬಿಟ್ರೆ ಯಾರೋ ಸ್ಕೂಟರ್ ತಂದು ತೂರಿಸ್ತಾರೆ ನಿಜ, ತೂರಿಸ್ಲಿ ಬಿಡಿ, ಮತ್ತೆ ಸ್ವಲ್ಪ ಹಿಂದೆ ಬಿದ್ರಾಯ್ತು.

ಮೊನ್ನೆ ಭಾವ ಹಿಂದೆ ಕೂತಿದ್ರು, ಏನೋ ಗೊಣಗ್ತಿದ್ದೀಯಲ್ಲೋ ಅಂದ್ರು. ಎಣಿಸ್ತಿದ್ದೀನಿ ಭಾವ ಅಂದೆ. "ಎಣಿಸು ಎಣಿಸು, ಲಾರಿ ಆಗ್ಲೇ ರಾಮನಗರ ಮುಟ್ತು."