ಸ್ಕಾಟಿಷ್ ಕಪ್ ಫೈನಲ್: ಅಭಿಮಾನಿಗಳ ವಾದದಲ್ಲಿ ದನಿಗೂಡಿಸುವುದು ಹೇಗೆ

ಸ್ಕಾಟ್‌ಲೆಂಡಿನ ಫುಟ್‌ಬಾಲ್ ಅಭಿಮಾನಿಗಳ ನಡುವೆ ಕುಳಿತು ಕಪ್ ಫೈನಲ್ ನೋಡಬೇಕೆಂದಿರುವವರು ಆಟದ ತಂತ್ರಗಳಿಗಿಂತ ಮೊದಲು ಕೆಲವು ಇಸವಿಗಳನ್ನು ತಿಳಿದುಕೊಂಡಿರಬೇಕು. ಅಲ್ಲಿಯ ವಾದಗಳಲ್ಲಿ 1902, 1986, 2012 ಎಂಬ ಸಂಖ್ಯೆಗಳು ಬಂದಾಗ ಯಾರೂ ನಿಂತು ವಿವರಣೆ ಕೊಡುವುದಿಲ್ಲ. ಇಸವಿ ಹೇಳಿದರೆ ಸಾಕು, ಎದುರಿಗಿದ್ದವರ ಮುಖ ಅರಳುತ್ತದೆ ಇಲ್ಲವೇ ಗಂಟಿಕ್ಕುತ್ತದೆ. ಓದಿಗಾಗಿಯೋ ಕೆಲಸಕ್ಕಾಗಿಯೋ ಗ್ಲಾಸ್ಗೊ, ಎಡಿನ್‌ಬರೊ ಸೇರಿದ ಕನ್ನಡಿಗರಿಗೂ ಬೆಂಗಳೂರಿನಲ್ಲೇ ಕುಳಿತು ಪಂದ್ಯ ನೋಡುವವರಿಗೂ ಈ ಬರಹ ಆ ವಾದದೊಳಗೆ ಕಾಲಿಡುವ ದಾರಿಯನ್ನು ತೋರಿಸುತ್ತದೆ.

ಯಾವ ಕಪ್, ಯಾವ ಮೈದಾನ

ಸ್ಕಾಟ್‌ಲೆಂಡಿನಲ್ಲಿ ಮುಖ್ಯವಾದ ಕಪ್‌ಗಳು ಎರಡಿವೆ. ಲೀಗ್ ಕಪ್ 1946-47ರಲ್ಲಿ ಆರಂಭವಾದದ್ದು. ಸ್ಕಾಟಿಷ್ ಕಪ್ ಅದಕ್ಕಿಂತ ಬಹಳ ಹಳೆಯದು, 1873-74ರ ಋತುವಿನಲ್ಲಿ ಶುರುವಾದದ್ದು. ಯಾವ ಲೀಗಿನಲ್ಲೂ ಹೆಸರು ಮಾಡದ ಸಣ್ಣ ಊರಿನ ತಂಡವೂ ಅದರ ಆರಂಭಿಕ ಸುತ್ತುಗಳಲ್ಲಿ ಆಡಬಹುದಾದ್ದರಿಂದ ಜನರ ಪ್ರೀತಿ ಅದಕ್ಕೇ ಹೆಚ್ಚು. ಮೊದಲ ಕಪ್ಪನ್ನು ಗೆದ್ದ ಕ್ವೀನ್ಸ್ ಪಾರ್ಕ್ ತಂಡ ಅದನ್ನು ಒಟ್ಟು 10 ಬಾರಿ ಗೆದ್ದಿದೆ, ಆದರೆ ಕೊನೆಯ ಗೆಲುವು 1893ರದ್ದು. ಈ ಒಂದು ಸಂಗತಿಯನ್ನು ತಿಳಿದವರಂತೆ ಮಾತಿನ ನಡುವೆ ಸೇರಿಸಿದರೆ ವಯಸ್ಸಾದ ಅಭಿಮಾನಿಗಳು ನಿಮ್ಮನ್ನು ಬೇಗ ಹತ್ತಿರ ಕರೆದುಕೊಳ್ಳುತ್ತಾರೆ. ಕಪ್ಪನ್ನು ಅತಿ ಹೆಚ್ಚು ಸಲ ಗೆದ್ದವರ ಪಟ್ಟಿಯಲ್ಲಿ ಸೆಲ್ಟಿಕ್ ಮೊದಲನೆಯದು, ರೇಂಜರ್ಸ್ ಎರಡನೆಯದು. ಇವೆರಡನ್ನು ಬಿಟ್ಟು ಬೇರೆ ಯಾರಾದರೂ ಗೆದ್ದ ವರ್ಷಗಳನ್ನೇ ಉಳಿದವರೆಲ್ಲ ಹಬ್ಬದಂತೆ ನೆನೆಯುತ್ತಾರೆ.

ಸ್ಕಾಟಿಷ್ ಕಪ್ ಫೈನಲ್ ಸಾಮಾನ್ಯವಾಗಿ ಮೇ ತಿಂಗಳ ಶನಿವಾರ ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ನಡೆಯುತ್ತದೆ. ಅಲ್ಲಿಯ ಮಧ್ಯಾಹ್ನ ಮೂರು ಗಂಟೆ ಎಂದರೆ ನಮ್ಮಲ್ಲಿ ರಾತ್ರಿ ಏಳೂವರೆ. ಅಂಕ ಸಮವಾದರೆ ಹೆಚ್ಚುವರಿ ಸಮಯ, ಅದರಲ್ಲೂ ತೀರ್ಮಾನವಾಗದಿದ್ದರೆ ಪೆನಾಲ್ಟಿ ಶೂಟೌಟ್. ಹಿಂದೆ ಮರುಪಂದ್ಯ ಆಡಿಸುತ್ತಿದ್ದರು. 1979ರಲ್ಲಿ ರೇಂಜರ್ಸ್ ಮತ್ತು ಹಿಬರ್ನಿಯನ್ ನಡುವಿನ ಫೈನಲ್ ಮುಗಿಯಲು ಮೂರು ಪಂದ್ಯಗಳೇ ಬೇಕಾದವು.

ಹ್ಯಾಂಪ್ಡನ್‌ಗೆ ಹೋಗುವವರು ಗ್ಲಾಸ್ಗೊ ಸೆಂಟ್ರಲ್ ನಿಲ್ದಾಣದಿಂದ ಮೌಂಟ್ ಫ್ಲಾರಿಡಾ ಅಥವಾ ಕಿಂಗ್ಸ್ ಪಾರ್ಕ್‌ಗೆ ರೈಲು ಹಿಡಿಯಬೇಕು. 1937ರಲ್ಲಿ ಸೆಲ್ಟಿಕ್ ಮತ್ತು ಅಬರ್ಡೀನ್ ಆಡಿದ ಫೈನಲ್‌ಗೆ ಇದೇ ಮೈದಾನದಲ್ಲಿ 1,47,365 ಜನ ಸೇರಿದ್ದರು. ಈಗ ಅಲ್ಲಿ ಸುಮಾರು 51 ಸಾವಿರ ಆಸನಗಳಿವೆ. ಗೋಲುಕಂಬದ ಹಿಂದಿನ ಸೀಟುಗಳು ಮೈದಾನದಿಂದ ಬಹಳ ದೂರದಲ್ಲಿವೆ ಎಂಬ ದೂರು ಅಭಿಮಾನಿಗಳ ಬಾಯಲ್ಲಿ ಸದಾ ಇರುತ್ತದೆ, ಅದಕ್ಕೆ ನೀವು ಧೈರ್ಯವಾಗಿ ಹೌದೆನ್ನಬಹುದು. ಒಳಗೆ ಬಿಸಿ ಬಿಸಿ ಮಾಂಸದ ಪೈ ಮತ್ತು ಬೋವ್ರಿಲ್ ಎಂಬ ಗೋಮಾಂಸದ ಸಾರದ ಪೇಯ ಸಿಗುತ್ತವೆ, ಆದ್ದರಿಂದ ಸಸ್ಯಾಹಾರಿಗಳು ಹೊಟ್ಟೆ ತುಂಬಿಸಿಕೊಂಡೇ ಹೊರಡುವುದು ಒಳ್ಳೆಯದು. ಬಿಯರ್ ಮಾತ್ರ ಸಾಮಾನ್ಯ ಪ್ರೇಕ್ಷಕರಿಗೆ ಸಿಗುವುದಿಲ್ಲ. 1980ರ ಫೈನಲ್‌ನಲ್ಲಿ ಸೆಲ್ಟಿಕ್ ರೇಂಜರ್ಸನ್ನು 1-0ರಿಂದ ಸೋಲಿಸಿದ ಬಳಿಕ ಎರಡೂ ಕಡೆಯವರು ಮೈದಾನಕ್ಕಿಳಿದು ಹೊಡೆದಾಡಿದರು, ಕುದುರೆ ಪೊಲೀಸರು ನುಗ್ಗಿ ಅವರನ್ನು ಚದುರಿಸಬೇಕಾಯಿತು. ಅದೇ ವರ್ಷ ಬಂದ ಕಾನೂನು ಫುಟ್‌ಬಾಲ್ ಮೈದಾನಗಳಲ್ಲೂ ಅಭಿಮಾನಿಗಳನ್ನು ಕರೆದೊಯ್ಯುವ ಬಸ್ಸುಗಳಲ್ಲೂ ಮದ್ಯವನ್ನು ನಿಷೇಧಿಸಿತು. ಆ ನಿಷೇಧ ಬೇಕೆ ಬೇಡವೆ ಎಂಬುದು ಈಗಲೂ ಬಿಸಿ ಚರ್ಚೆಯ ವಿಷಯ.

ಗ್ಲಾಸ್ಗೊ: ಮಾತಿನಲ್ಲಿ ಎಚ್ಚರ

ರೇಂಜರ್ಸ್ 1872ರಲ್ಲಿ ಹುಟ್ಟಿತು. ಗ್ಲಾಸ್ಗೊದ ಪೂರ್ವ ಭಾಗದಲ್ಲಿ ನೆಲೆಸಿದ್ದ ಬಡ ಐರಿಷ್ ಕ್ಯಾಥೊಲಿಕ್ ಕುಟುಂಬಗಳಿಗೆ ಊಟದ ಹಣ ಹೊಂದಿಸಲು ಬ್ರದರ್ ವಾಲ್‌ಫ್ರಿಡ್ ಎಂಬ ಧಾರ್ಮಿಕ ಸಹೋದರರು 1887ರಲ್ಲಿ ಸೆಲ್ಟಿಕ್ ಕಟ್ಟಿದರು. ಮುಂದಿನ ವರ್ಷ ಮೇ ತಿಂಗಳಲ್ಲಿ ನಡೆದ ಮೊದಲ ಮುಖಾಮುಖಿಯನ್ನು ಸೆಲ್ಟಿಕ್ 5-2ರಿಂದ ಗೆದ್ದಿತು. ಆ ಹೊತ್ತಿನಲ್ಲಿ ಅವರ ನಡುವೆ ಸ್ನೇಹವೇ ಇತ್ತು. ಪ್ರೊಟೆಸ್ಟೆಂಟರ ತಂಡ, ಕ್ಯಾಥೊಲಿಕರ ತಂಡ ಎಂಬ ಗೆರೆ ಗಟ್ಟಿಯಾದದ್ದು ಆಮೇಲೆ, ಐರ್ಲೆಂಡಿನ ರಾಜಕೀಯ ಮತ್ತು ಹಡಗುಕಟ್ಟೆಗಳ ಉದ್ಯೋಗದ ಪೈಪೋಟಿ ಸೇರಿಕೊಂಡ ಮೇಲೆ. 1989ರಲ್ಲಿ ಕ್ಯಾಥೊಲಿಕ್ ಆಟಗಾರ ಮೊ ಜಾನ್‌ಸ್ಟನ್ ಅವರನ್ನು ರೇಂಜರ್ಸ್ ಸೇರಿಸಿಕೊಂಡಾಗ ಎರಡೂ ಕಡೆ ಸಿಟ್ಟು ಭುಗಿಲೆದ್ದಿತು, ಏಕೆಂದರೆ ಅವರು ಹಿಂದೆ ಸೆಲ್ಟಿಕ್‌ನಲ್ಲಿ ಆಡಿದವರು. ಹೊಸದಾಗಿ ಬಂದವರನ್ನು ನೀವು ಯಾವ ಶಾಲೆಯಲ್ಲಿ ಓದಿದ್ದು ಎಂದು ಕೇಳುವುದು ಅಲ್ಲಿ ಧರ್ಮ ತಿಳಿಯುವ ಹಳೆಯ ಉಪಾಯ. ನಾನು ಹಿಂದೂ ಎಂದರೆ, ಸರಿ, ಪ್ರೊಟೆಸ್ಟೆಂಟ್ ಹಿಂದೂವೋ ಕ್ಯಾಥೊಲಿಕ್ ಹಿಂದೂವೋ ಎಂದು ಕೇಳುವ ಹಾಸ್ಯವೂ ಹಳೆಯದೇ. ನಕ್ಕು ಸುಮ್ಮನಾಗಿ.

ಈ ಇಬ್ಬರ ಪಂದ್ಯವನ್ನು ಪತ್ರಿಕೆಗಳು ‘ಓಲ್ಡ್ ಫರ್ಮ್’ ಎಂದು ಕರೆಯುತ್ತ ಬಂದಿವೆ. ಸೆಲ್ಟಿಕ್ ಅಭಿಮಾನಿಯೊಬ್ಬರ ಎದುರು ಈ ಹೆಸರನ್ನು ಬಳಸುವ ಮೊದಲು ಯೋಚಿಸಿ. 2012ರಲ್ಲಿ ರೇಂಜರ್ಸ್ ನಡೆಸುತ್ತಿದ್ದ ಕಂಪನಿ ದಿವಾಳಿಯಾಗಿ, ಹೊಸ ಕಂಪನಿಯ ಕೈಗೆ ಹೋದ ತಂಡ ನಾಲ್ಕನೆಯ ಹಂತದ ಲೀಗಿನಿಂದ ಆಟ ಶುರುಮಾಡಬೇಕಾಯಿತು. ಹಳೆಯ ರೇಂಜರ್ಸ್ ಅಂದೇ ಸತ್ತಿತು, ಈಗಿರುವುದು ಬೇರೆ ತಂಡ ಎನ್ನುವುದು ಸೆಲ್ಟಿಕ್ ಅಭಿಮಾನಿಗಳಲ್ಲಿ ಹಲವರ ವಾದ. ಮುಳುಗಿದ್ದು ಕಂಪನಿಯೇ ಹೊರತು ಕ್ಲಬ್ ಅಲ್ಲ ಎನ್ನುವುದು ರೇಂಜರ್ಸ್ ಅಭಿಮಾನಿಗಳ ಉತ್ತರ. ಈ ವಾದದಲ್ಲಿ ಹೊರಗಿನವರು ಗೆದ್ದ ಉದಾಹರಣೆ ಇಲ್ಲ, ಆದ್ದರಿಂದ ಪಕ್ಷ ವಹಿಸದೆ ಕಿವಿಗೊಡುವುದೇ ಕ್ಷೇಮ.

ಇಬ್ಬರೂ ಒಂದಾಗಿ ಜಗಳವಾಡಿದ ದಿನವೂ ಇದೆ, ಬಿಗುವಾದ ಮಾತನ್ನು ಸಡಿಲಿಸಲು ಆ ಕಥೆ ಒಳ್ಳೆಯದು. 1909ರ ಫೈನಲ್ 2-2ರಲ್ಲಿ ನಿಂತಿತು, ಮರುಪಂದ್ಯವೂ 1-1ರಲ್ಲಿ ನಿಂತಿತು. ಹೆಚ್ಚುವರಿ ಸಮಯ ಆಡಿಸುತ್ತಾರೆಂದು ಕಾದ ಜನರಿಗೆ ಅದು ಇಲ್ಲವೆಂದು ಗೊತ್ತಾಯಿತು. ಇನ್ನೊಮ್ಮೆ ಟಿಕೆಟ್ ಮಾರಲು ಹೂಡಿದ ಆಟ ಇದೆಂಬ ಗುಮಾನಿ ಹಬ್ಬಿ, ಎರಡೂ ತಂಡಗಳ ಅಭಿಮಾನಿಗಳು ಒಟ್ಟಾಗಿ ಗೋಲುಕಂಬಗಳನ್ನು ಕಿತ್ತರು, ಟಿಕೆಟ್ ಗೂಡುಗಳಿಗೆ ಬೆಂಕಿ ಇಟ್ಟರು, ಆರಿಸಲು ಬಂದವರ ನೀರಿನ ಕೊಳವೆಗಳನ್ನು ಕತ್ತರಿಸಿದರು. ಆ ವರ್ಷ ಕಪ್ಪನ್ನು ಯಾರಿಗೂ ಕೊಡಲಿಲ್ಲ.

ಇನ್ನೊಂದು ದಿನಾಂಕದ ಬಗ್ಗೆ ಮಾತ್ರ ತಮಾಷೆ ಸಲ್ಲದು. 1971ರ ಜನವರಿ 2ರಂದು ಐಬ್ರಾಕ್ಸ್ ಮೈದಾನದಲ್ಲಿ ಇದೇ ಎರಡು ತಂಡಗಳ ಪಂದ್ಯ ಮುಗಿದು ಜನ ಹೊರಡುವಾಗ 13ನೆಯ ಮೆಟ್ಟಿಲುದಾರಿಯಲ್ಲಿ ನೂಕುನುಗ್ಗಲಾಗಿ 66 ಜನ ಸತ್ತರು. ಹಾಗೆಯೇ, ಸುತ್ತಲಿನವರು ಹಾಡುತ್ತಿರುವ ಹಾಡಿನ ಅರ್ಥ ತಿಳಿಯದಿದ್ದರೆ ದನಿಗೂಡಿಸಬೇಡಿ. ಅವುಗಳಲ್ಲಿ ಕೆಲವು ಶುದ್ಧ ಆಟದ ಹಾಡುಗಳು, ಕೆಲವು ಮತದ್ವೇಷದ ಹಾಡುಗಳು, ರಾಗ ಕೇಳಿ ವ್ಯತ್ಯಾಸ ತಿಳಿಯುವಂತಿಲ್ಲ.

ಉಡುಪಿನ ವಿಷಯದಲ್ಲೂ ಬಣ್ಣ ನೋಡಿಕೊಳ್ಳಿ. ಹಸಿರು-ಬಿಳಿ ಅಡ್ಡಪಟ್ಟೆ ಸೆಲ್ಟಿಕ್‌ನದು, ನೀಲಿ ರೇಂಜರ್ಸ್‌ನದು. ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ ತೊಟ್ಟು ಫೈನಲ್ ದಿನ ಸೆಲ್ಟಿಕ್ ಅಭಿಮಾನಿಗಳ ಪಬ್ಬಿಗೆ ಹೋಗುವುದು ಜಾಣತನವಲ್ಲ. 2019ರಲ್ಲಿ ಬೆಂಗಳೂರು ಎಫ್‌ಸಿ ರೇಂಜರ್ಸ್ ಜೊತೆಗೇ ಒಪ್ಪಂದ ಮಾಡಿಕೊಂಡದ್ದರಿಂದ ನಿಮ್ಮ ಸಮಜಾಯಿಷಿ ಅಲ್ಲಿ ನಿಲ್ಲುವುದೂ ಇಲ್ಲ. ನಗರದ ಹಲವು ಪಬ್ಬುಗಳು ಯಾವ ತಂಡದ ಬಣ್ಣ ತೊಟ್ಟವರನ್ನೂ ಒಳಗೆ ಬಿಡುವುದಿಲ್ಲ. ಭಾರತದಿಂದ ಬಂದವರೆಂದು ತಿಳಿದ ಸೆಲ್ಟಿಕ್ ಹಿರಿಯರು ಮೊಹಮ್ಮದ್ ಸಲೀಂ ಹೆಸರು ಎತ್ತಬಹುದು. ಕಲ್ಕತ್ತೆಯ ಸಲೀಂ 1936ರಲ್ಲಿ ಕಾಲಿಗೆ ಬೂಟಿಲ್ಲದೆ, ಬ್ಯಾಂಡೇಜು ಸುತ್ತಿಕೊಂಡು ಸೆಲ್ಟಿಕ್ ಪರವಾಗಿ ಆಡಿದ್ದರು.

ಎಡಿನ್‌ಬರೊ: ಇಸವಿಗಳ ಯುದ್ಧ

ನನ್ನ ಮಟ್ಟಿಗೆ ಕೇಳಲು ಹೆಚ್ಚು ಸೊಗಸಾದದ್ದು ಎಡಿನ್‌ಬರೊದ ಜಿದ್ದು. ಇಲ್ಲೂ ಐರಿಷ್ ಮೂಲದ ನೆರಳಿದೆ, ಆದರೆ ಮಾತು ಹೆಚ್ಚಾಗಿ ಆಟದ ಸುತ್ತಲೇ ತಿರುಗುತ್ತದೆ. ನಗರದ ಪಶ್ಚಿಮದ ಗಾರ್ಗಿಯಲ್ಲಿ ಕಡುಗೆಂಪು ಬಣ್ಣದ ಹಾರ್ಟ್ಸ್, ಬಂದರಿನ ಕಡೆಯ ಲೀತ್‌ನಲ್ಲಿ ಹಸಿರು ಬಣ್ಣದ ಹಿಬರ್ನಿಯನ್, ಅಂದರೆ ಹಿಬ್ಸ್. ಒಂದು 1874ರದ್ದು, ಇನ್ನೊಂದು 1875ರದ್ದು.

ಹಿಬ್ಸ್ 1902ರಲ್ಲಿ ಸ್ಕಾಟಿಷ್ ಕಪ್ ಗೆದ್ದಿತು. ಆಮೇಲೆ 114 ವರ್ಷ ಗೆಲ್ಲಲಿಲ್ಲ, ಆ ಅವಧಿಯಲ್ಲಿ ಹತ್ತು ಫೈನಲ್‌ಗಳನ್ನು ಸೋತಿತು. ಹಾರ್ಟ್ಸ್ ಅಭಿಮಾನಿಗಳಿಗೆ ಹಾಗಾಗಿ 1902 ಎಂದು ಕೂಗುವುದೊಂದೇ ಸಾಕಾಗಿತ್ತು. 2012ರಲ್ಲಿ ಈ ಇಬ್ಬರೇ ಫೈನಲ್‌ನಲ್ಲಿ ಎದುರಾದಾಗ ಹಾರ್ಟ್ಸ್ 5-1ರಿಂದ ಗೆದ್ದಿತು. ಅಂದಿನಿಂದ ಎಡಿನ್‌ಬರೊದಲ್ಲಿ ಐದು ಬೆರಳು ಎತ್ತಿ ತೋರಿಸಿದರೆ ಅದು ನಮಸ್ಕಾರವಲ್ಲ.

ಹಿಬ್ಸ್ ಕಡೆಯ ಉತ್ತರ 1986. ಆ ಋತುವಿನ ಕೊನೆಯ ದಿನ ಡಂಡೀ ವಿರುದ್ಧ ಹಾರ್ಟ್ಸ್ ಡ್ರಾ ಮಾಡಿಕೊಂಡಿದ್ದರೂ ಲೀಗ್ ಅವರದಾಗುತ್ತಿತ್ತು. ಬದಲಿ ಆಟಗಾರನಾಗಿ ಇಳಿದ ಆಲ್ಬರ್ಟ್ ಕಿಡ್ ಕೊನೆಯ ಏಳೆಂಟು ನಿಮಿಷಗಳಲ್ಲಿ ಎರಡು ಗೋಲು ಹೊಡೆದರು, ಅದೇ ಹೊತ್ತಿಗೆ ಸೆಲ್ಟಿಕ್ ಇನ್ನೊಂದೆಡೆ 5-0ರಿಂದ ಗೆದ್ದು ಗೋಲುಗಳ ಅಂತರದಲ್ಲಿ ಲೀಗ್ ಕಸಿದುಕೊಂಡಿತು. ಒಂದು ವಾರದ ನಂತರ ಕಪ್ ಫೈನಲ್‌ನಲ್ಲೂ ಅಬರ್ಡೀನ್ ಎದುರು ಹಾರ್ಟ್ಸ್ 3-0ರಿಂದ ಸೋತಿತು. ಕಿಡ್ ಹಿಬ್ಸ್ ಪರ ಒಂದು ದಿನವೂ ಆಡಿದವರಲ್ಲ, ಆದರೂ ಹಿಬ್ಸ್ ಅಭಿಮಾನಿಗಳ ಪಾಲಿಗೆ ಮನೆಯವರೇ ಆದರು.

ಇಷ್ಟು ಗೊತ್ತಿದ್ದರೆ 2016ರ ಮೇ 21ರ ಫೈನಲ್ ನೋಡುವಾಗ ಎದೆ ಏಕೆ ಬಡಿದುಕೊಳ್ಳುತ್ತದೆಂದು ಅರ್ಥವಾಗುತ್ತದೆ. ಅದರ ದೃಶ್ಯವನ್ನು ಹುಡುಕಿ ಪೂರ್ತಿ ನೋಡಿ. ಹಿಬ್ಸ್ ಎದುರು ರೇಂಜರ್ಸ್. ಮೂರನೆಯ ನಿಮಿಷದಲ್ಲೇ ಆ್ಯಂಟನಿ ಸ್ಟೋಕ್ಸ್ ಹಿಬ್ಸ್‌ಗೆ ಮುನ್ನಡೆ ತಂದರು, ಆದರೆ ಎರಡನೆಯ ಅರ್ಧದ ಹೊತ್ತಿಗೆ ರೇಂಜರ್ಸ್ 2-1ರಿಂದ ಮುಂದಿತ್ತು. 80ನೆಯ ನಿಮಿಷದಲ್ಲಿ ಲಿಯಾಮ್ ಹೆಂಡರ್ಸನ್ ತೆಗೆದುಕೊಂಡ ಕಾರ್ನರ್‌ಗೆ ಸ್ಟೋಕ್ಸ್ ತಲೆಕೊಟ್ಟು ಸಮ ಮಾಡಿದರು. ಹೆಚ್ಚುವರಿ ಸಮಯ ಖಂಡಿತವೆಂದು ಎಲ್ಲರೂ ಅಂದುಕೊಂಡಿದ್ದ 92ನೆಯ ನಿಮಿಷದಲ್ಲಿ ಮತ್ತೊಂದು ಕಾರ್ನರ್, ಅದೇ ಹೆಂಡರ್ಸನ್, ಈ ಬಾರಿ ನಾಯಕ ಡೇವಿಡ್ ಗ್ರೇ ಅವರ ತಲೆ. 3-2. ಸೀಟಿ ಊದುತ್ತಿದ್ದಂತೆ ಸಾವಿರಾರು ಜನ ಮೈದಾನಕ್ಕೆ ನುಗ್ಗಿ ಹುಲ್ಲಿನ ತುಂಡುಗಳನ್ನು ಕಿತ್ತುಕೊಂಡರು. ರೇಂಜರ್ಸ್ ಅಭಿಮಾನಿಗಳು ಅದನ್ನು ದಾಂಧಲೆ ಎನ್ನುತ್ತಾರೆ, ಹಿಬ್ಸ್ ಅಭಿಮಾನಿಗಳು ಸಂಭ್ರಮ ಎನ್ನುತ್ತಾರೆ. ರೇಂಜರ್ಸ್ ಆಟಗಾರರ ಮೇಲೂ ಕೈ ಮಾಡಿದವರಿದ್ದರು ಎಂಬುದನ್ನು ಮರೆಸಿ ಮಾತಾಡುವುದು ನ್ಯಾಯವಲ್ಲ.

ಉಳಿದ ಊರುಗಳು

ಡಂಡೀಯ ಎರಡು ತಂಡಗಳ ಮೈದಾನಗಳು ಒಂದೇ ಬೀದಿಯಲ್ಲಿ ಕೂಗಳತೆಯಲ್ಲಿವೆ. ಅಲ್ಲಿಯ ಜಿದ್ದು ಗ್ಲಾಸ್ಗೊದಷ್ಟು ಕಹಿಯಲ್ಲ, ಒಂದೇ ಮನೆಯಲ್ಲಿ ಎರಡೂ ತಂಡದವರು ಇರುತ್ತಾರೆ. 1974ರಿಂದ 1991ರವರೆಗೆ ಆರು ಫೈನಲ್ ಸೋತ ಡಂಡೀ ಯುನೈಟೆಡ್ ಕೊನೆಗೆ 1994ರಲ್ಲಿ ರೇಂಜರ್ಸನ್ನು ಸೋಲಿಸಿ ಕಪ್ ಮುಟ್ಟಿತು. ಆ ಆರರಲ್ಲಿ 1991ರದ್ದು ವಿಶೇಷ: ಮದರ್‌ವೆಲ್ 4-3ರಿಂದ ಗೆದ್ದ ಆ ಫೈನಲ್‌ನಲ್ಲಿ ಟಾಮಿ ಮೆಕ್ಲೀನ್ ಮತ್ತು ಜಿಮ್ ಮೆಕ್ಲೀನ್ ಎಂಬ ಅಣ್ಣತಮ್ಮಂದಿರೇ ಎರಡು ಬದಿಯ ಮ್ಯಾನೇಜರ್‌ಗಳಾಗಿದ್ದರು. ಅಬರ್ಡೀನ್‌ಗೆ ತನ್ನ ಊರಿನಲ್ಲಿ ಎದುರಾಳಿ ಇಲ್ಲ, ಹಾಗಾಗಿ ಅದರ ಸಿಟ್ಟೆಲ್ಲ ರೇಂಜರ್ಸ್ ಕಡೆಗೆ. 1988ರಲ್ಲಿ ಅಬರ್ಡೀನ್‌ನ ನೀಲ್ ಸಿಂಪ್ಸನ್ ಅವರ ಟ್ಯಾಕಲ್‌ನಿಂದ ರೇಂಜರ್ಸ್‌ನ ಇಯನ್ ಡರಂಟ್ ಮೊಣಕಾಲು ನುಜ್ಜಾದ ಮೇಲೆ ಅದು ಇನ್ನಷ್ಟು ಕಹಿಯಾಯಿತು. ಉತ್ತರದ ಇನ್ವರ್ನೆಸ್ 2015ರಲ್ಲಿ ಫಾಲ್ಕರ್ಕ್ ತಂಡವನ್ನು ಸೋಲಿಸಿ ಕಪ್ ಗೆದ್ದದ್ದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಯಾವ ತಂಡದ ಕಡೆ ಎಂದು ಕೇಳಿದಾಗ

ಈ ಪ್ರಶ್ನೆ ಬಂದೇ ಬರುತ್ತದೆ. ಇನ್ನೂ ನಿರ್ಧರಿಸಿಲ್ಲ ಎಂದರೆ ಸಂಜೆಯೆಲ್ಲ ಎಳೆದಾಟ ನಡೆಯುತ್ತದೆ, ಎರಡನ್ನೂ ಇಷ್ಟಪಡುತ್ತೇನೆ ಎಂದರೆ ಯಾರೂ ನಂಬುವುದಿಲ್ಲ. ಗ್ಲಾಸ್ಗೊದಲ್ಲಿರುವವರಿಗೆ ಪಾರ್ಟಿಕ್ ಥಿಸಲ್ ಎಂಬ ಮೂರನೆಯ ದಾರಿ ಇದೆ. 1971ರ ಲೀಗ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ ವಿರುದ್ಧ ಮೊದಲ ಅರ್ಧದಲ್ಲೇ ನಾಲ್ಕು ಗೋಲು ಹೊಡೆದು 4-1ರಿಂದ ಗೆದ್ದ ತಂಡ ಅದು. ಆ ಹೆಸರು ಹೇಳಿದರೆ ಎರಡೂ ಕಡೆಯವರು ಕನಿಕರದಿಂದ ನಕ್ಕು ನಿಮ್ಮನ್ನು ಬಿಟ್ಟುಬಿಡುತ್ತಾರೆ.

ಫೈನಲ್ ಮುಗಿದ ಮೇಲೆ ಸೋತ ಕಡೆಯವರು ಎದುರಾಳಿ ಕಪ್ ಎತ್ತುವುದನ್ನು ನೋಡಲು ನಿಲ್ಲುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಅರ್ಧ ಮೈದಾನ ಖಾಲಿಯಾಗುತ್ತದೆ. ನೀವು ಅವರ ನಡುವೆ ಕುಳಿತಿದ್ದರೆ ಜೊತೆಯಲ್ಲೇ ಎದ್ದುಬಿಡಿ. ಸೋಮವಾರ ಕಚೇರಿಯಲ್ಲಿ ಮಾತನ್ನು ಅವರೇ ತೆಗೆಯಲಿ. 2025ರಲ್ಲಿ ಅಬರ್ಡೀನ್ ಪೆನಾಲ್ಟಿಗಳಲ್ಲಿ ಸೆಲ್ಟಿಕ್ ಅನ್ನು ಸೋಲಿಸಿ 1990ರ ನಂತರ ಮೊದಲ ಸಲ ಈ ಕಪ್ ಗೆದ್ದಿತು. 1990ರಲ್ಲೂ ಅವರು ಸೋಲಿಸಿದ್ದು ಸೆಲ್ಟಿಕ್ ಅನ್ನೇ, ಅದೂ ಪೆನಾಲ್ಟಿಗಳಲ್ಲೇ, 9-8ರಿಂದ. ಸೆಲ್ಟಿಕ್ ಅಭಿಮಾನಿಯಾದ ಸಹೋದ್ಯೋಗಿ ತಾನಾಗಿ ಪೆನಾಲ್ಟಿಗಳ ಮಾತು ಎತ್ತುವವರೆಗೆ ಈ ಹೋಲಿಕೆಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.