58ಕ್ಕೆ ಮೊದಲು 50

ಹನ್ನೊಂದನೆಯ ಪಯಸ್ ಪೋಪರು 1937ರ ಮಾರ್ಚ್ 19ರಂದು ಹೊರಡಿಸಿದ ‘ದಿವೀನಿ ರೆದೆಂಪ್ತೋರಿಸ್’ ಪರಿಪತ್ರವನ್ನು ಮುಂದಿಟ್ಟರೆ ಓದುಗರ ಕಣ್ಣು ನೇರ 58ನೇ ಪರಿಚ್ಛೇದಕ್ಕೆ ಹೋಗುತ್ತದೆ: ಕಮ್ಯುನಿಸಂ ಸ್ವಭಾವತಃ ಕೆಟ್ಟದ್ದು, ಯಾವ ಕೆಲಸದಲ್ಲೂ ಅದರ ಜೊತೆ ಕೈಜೋಡಿಸಕೂಡದು. ಅಲ್ಲಿಂದ ಶುರುಮಾಡಿದ ತರಗತಿ ಹತ್ತೇ ನಿಮಿಷದಲ್ಲಿ ಪರ-ವಿರೋಧದ ಜಗಳವಾಗುತ್ತದೆ. ಉಳಿದ 81 ಪರಿಚ್ಛೇದಗಳನ್ನು ಯಾರೂ ಮುಟ್ಟುವುದಿಲ್ಲ.

ಅದಕ್ಕೇ ನಾನು ಮೊದಲು ಓದಿಸುವುದು 50. ಸಮಾಜದಲ್ಲಿ ನ್ಯಾಯದ ಬಗ್ಗೆ ಇದೇ ಪೋಪರು 1931ರಲ್ಲಿ ಹೊರಡಿಸಿದ್ದ ‘ಕ್ವಾದ್ರಾಜೆಸಿಮೋ ಆನ್ನೋ’ ಪರಿಪತ್ರವನ್ನು ಒಂದು ಕಡೆ ಕ್ಯಾಥೊಲಿಕ್ ಮಾಲೀಕರೇ ತಮ್ಮ ಚರ್ಚುಗಳಲ್ಲಿ ಓದದಂತೆ ತಡೆದಿದ್ದರು. ಊರ ಹೆಸರು ಹೇಳದೆ ಪೋಪರು ಅದನ್ನಿಲ್ಲಿ ಖಂಡಿಸುತ್ತಾರೆ. ಆಮೇಲೆ ಒಂದು ಹೆಜ್ಜೆ ಹಿಂದೆ, 49: ನ್ಯಾಯವಾಗಿ ಸಲ್ಲಬೇಕಾದ ಕೂಲಿ ಕೊಡದೆ ಮಾಡುವ ದಾನ ದಾನವೇ ಅಲ್ಲ. ನಂತರ 16. ಹಬ್ಬದ ದಿನವೂ ದುಡಿಸಿದರು, ಕಾರ್ಖಾನೆಯ ಹತ್ತಿರ ಚರ್ಚು ಕಟ್ಟುವ ಯೋಚನೆ ಯಾರಿಗೂ ಬರಲಿಲ್ಲ, ಕಾರ್ಮಿಕರು ದೂರವಾದದ್ದರಲ್ಲಿ ಆಶ್ಚರ್ಯವೇನು ಎಂಬ ವಾದ. ಈ ಮೂರನ್ನು ಗಟ್ಟಿಯಾಗಿ ಓದಿಸಬೇಕು, ಸಾರಾಂಶ ಹೇಳಿದರೆ ನಾಟುವುದಿಲ್ಲ.

58ಕ್ಕೆ ಬರುವಾಗ 57ನ್ನು ಬಿಡಬಾರದು: ಕಮ್ಯುನಿಸ್ಟರು ಕ್ಯಾಥೊಲಿಕರನ್ನು ಸಹಕಾರಕ್ಕೆ ಕರೆಯುವುದರ ಬಗ್ಗೆ ಅದು ಎಚ್ಚರಿಸುತ್ತದೆ. 1936ರ ಏಪ್ರಿಲ್ 17ರಂದು ಫ್ರೆಂಚ್ ಕಮ್ಯುನಿಸ್ಟ್ ನಾಯಕ ಮೋರಿಸ್ ತೊರೆಜ್ ರೇಡಿಯೋದಲ್ಲಿ ಕ್ಯಾಥೊಲಿಕರತ್ತ ಕೈ ಚಾಚಿದ್ದರು. ಜುಲೈನಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಈ ಎರಡು ತಾರೀಖು ಬೋರ್ಡಿನ ಮೇಲಿದ್ದರೆ ‘ಕೈಜೋಡಿಸಕೂಡದು’ ಎಂಬ ಬಿಗುವು ಎಲ್ಲಿಂದ ಬಂತೆಂದು ಬೇರೆ ವಿವರಿಸಬೇಕಿಲ್ಲ. ಪಕ್ಕದಲ್ಲೇ 1937ರ ಮಾರ್ಚ್ 14 ಎಂದೂ ಬರೆಯುತ್ತೇನೆ: ಅದು ನಾಜಿ ಜರ್ಮನಿಯ ಸ್ಥಿತಿ ಕುರಿತು ಇದೇ ಪೋಪರ ಜರ್ಮನ್ ಪರಿಪತ್ರದ ದಿನಾಂಕ. ಎರಡು ಪರಿಪತ್ರಗಳ ನಡುವೆ ಐದೇ ದಿನ.

ಹೆಚ್ಚು ಎಡವುವುದು ಪದಗಳಲ್ಲಿ. ಕನ್ನಡದಲ್ಲಿ ಕಮ್ಯುನಿಸಂಗೂ ಸೋಷಲಿಸಂಗೂ ‘ಸಮತಾವಾದ’ ಎಂದು ಒಂದೇ ಮುದ್ರೆ ಒತ್ತಿದರೆ 1931ರ ಪರಿಪತ್ರ ಅರ್ಥವೇ ಆಗದು. ಅದು 112ರಲ್ಲಿ ಕಮ್ಯುನಿಸಂ, 113ರಲ್ಲಿ ಸೌಮ್ಯ ಸಮಾಜವಾದ ಎಂದು ಬೇರ್ಪಡಿಸಿ, ಎರಡನೆಯದರ ಕೆಲವು ಬೇಡಿಕೆಗಳು ಕ್ರೈಸ್ತ ನಿಲುವಿಗೆ ಹತ್ತಿರ ಎಂದೂ ಒಪ್ಪಿ, 120ರಲ್ಲಿ ಒಳ್ಳೆಯ ಕ್ಯಾಥೊಲಿಕನೂ ನಿಜವಾದ ಸಮಾಜವಾದಿಯೂ ಒಟ್ಟಿಗೆ ಆಗಲಾಗದು ಎನ್ನುತ್ತದೆ. 58ರ ಲ್ಯಾಟಿನ್ ಮಾತು ‘ಇಂತ್ರಿನ್ಸೆಕುಸ್ ಸಿತ್ ಪ್ರಾವುಸ್’ ಎಂಬುದನ್ನು ‘ಸಂಪೂರ್ಣ ದುಷ್ಟ’ ಎನ್ನುವವರಿದ್ದಾರೆ. ಅದು ಅಳತೆಯ ಮಾತಾಯಿತು. ಲ್ಯಾಟಿನ್ ಹೇಳುವುದು ಒಳಗುಣವನ್ನು.

ಅಮೆರಿಕದ ರೇಡಿಯೋ ಪಾದ್ರಿ ಚಾರ್ಲ್ಸ್ ಕಾಗ್ಲಿನ್ ಭಾಷಣಗಳನ್ನು ಈ ಓದಿನ ಸಾಲಿಗೆ ಸೇರಿಸುವುದಿಲ್ಲ: 1938ರ ಹೊತ್ತಿಗೆ ಅವು ಯೆಹೂದ್ಯ ದ್ವೇಷಕ್ಕೆ ಇಳಿದಿದ್ದವು. ಪಾದ್ರಿಗಳು ಕಾರ್ಮಿಕರ ಬಳಿಗೆ ಹೋಗಬೇಕೆನ್ನುವ, 1937ರ ಪರಿಪತ್ರದ 61ಕ್ಕೆ ಉದಾಹರಣೆ ಬೇಕಾದರೆ ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಇದ್ದಾರೆ. ಅವರು ಯುವ ಕಾರ್ಮಿಕರ ಸಂಘಕ್ಕೆ ಕೊಟ್ಟ ಕ್ರಮ: ನೋಡು, ತೂಗಿನೋಡು, ಮಾಡು.